ಮೂರನೇ ಮೇಜಿನ ಉಣ್ಣೆ

ಮೇಸ್ತ್ರಿ ಕಂದು ಸ್ವೆಟರಿನ ತೋಳಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಬೆಂಕಿಕಡ್ಡಿ ಗೀರಿದ. ಎಳೆ ಮೊದಲು ಮುದುಡಿತು, ಆಮೇಲೆ ಕರಗಿತು, ಕಪ್ಪು ಹೊಗೆ ಬಿಟ್ಟು ತುದಿಯಲ್ಲಿ ಸಾಸಿವೆಯಷ್ಟು ಮಣಿಯಾಗಿ ಗಟ್ಟಿಯಾಯಿತು. ಅವನು ಅದನ್ನು ಉಗುರಿನಿಂದ ಒತ್ತಿ ತೋರಿಸಿದ. ಪುಡಿಯಾಗಲಿಲ್ಲ.

"ಕೂದಲು ಸುಟ್ಟ ವಾಸನೆ ಬಂತಾ ಯಾರಿಗಾದ್ರೂ?" ಎಂದು ಸುತ್ತ ನಿಂತವರನ್ನು ಕೇಳಿದ. "ಬರಲ್ಲ. ಯಾಕಂದ್ರೆ ಇದು ಉಣ್ಣೆನೇ ಅಲ್ಲ, ಅಕ್ರಿಲಿಕ್ಕು. ಇಂಥವು ಹನ್ನೊಂದು ಸಿಕ್ಕಿವೆ, ಒಂದೇ ಮೂಟೆಲಿ."

ವಾಪಸು ಬಂದ ಮೂಟೆ ಶೆಡ್ಡಿನ ನಡುವೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಗೋಣಿಯ ಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂದು ಬರೆದಿತ್ತು. ಜನ ತೊಟ್ಟು ಬಿಟ್ಟ ಬಟ್ಟೆಗಳನ್ನು ನಾರು ನೋಡಿ ಬೇರೆ ಮಾಡುವುದು ಆ ಶೆಡ್ಡಿನ ಕೆಲಸ. ಹತ್ತಿ ಒಂದು ಕಡೆ, ಪಾಲಿಯೆಸ್ಟರ್ ಇನ್ನೊಂದು ಕಡೆ, ಉಣ್ಣೆ ಮೂರನೇ ಮೇಜಿಗೆ. ಅಲ್ಲಿಂದ ಹೋದ ಉಣ್ಣೆಯನ್ನು ಗಿರಣಿಯವರು ಚಿಂದಿ ಮಾಡಿ, ಮತ್ತೆ ನೂತು, ಕಂಬಳಿ ನೇಯುತ್ತಿದ್ದರು. ಬಿಸಿನೀರಿಗೆ ಬಿದ್ದ ಉಣ್ಣೆಯ ಎಳೆಗಳು ಕುಗ್ಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಕ್ರಿಲಿಕ್ ಯಾರನ್ನೂ ಹಿಡಿದುಕೊಳ್ಳುವುದಿಲ್ಲ, ಉಣ್ಣೆಯ ಬಣ್ಣವನ್ನೂ ಹೀರುವುದಿಲ್ಲ. ಹಿಂದಿನ ಸಲದ ಕಂಬಳಿಗಳ ಮೇಲೆ ಮಾಸಲು ಮಚ್ಚೆ ಎದ್ದಿದ್ದರಿಂದ ಗಿರಣಿಯವರು ಈ ಮೂಟೆಯನ್ನು ಬಿಚ್ಚಿ ನೋಡಿ ವಾಪಸು ಕಳಿಸಿದ್ದರು.

ಮೂರನೇ ಮೇಜಿಗೆ ಕೂರುವವರು ಇಬ್ಬರೇ. ಒಬ್ಬಳು ಉಣ್ಣೆ ಅಕ್ಕ. ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬಟ್ಟೆ ಹಿಡಿದು ಹೆಬ್ಬೆರಳಲ್ಲಿ ಒಮ್ಮೆ ತೀಡಿದರೆ ಸಾಕು: ಹಿಂಡಿ ಬಿಟ್ಟರೆ ಪುಟಿದೇಳುವುದು, ಮುಟ್ಟಿದ ಕೂಡಲೇ ಬೆಚ್ಚಗಾಗುವುದು ಉಣ್ಣೆ; ಹಗುರಾಗಿ, ನುಣ್ಣಗೆ, ಸೋಪು ತಾಗಿದ ಹಾಗೆ ಜಾರುವುದು ಅಕ್ರಿಲಿಕ್. ನಾರಿನ ಹೆಸರು ಬರೆದು ಕುತ್ತಿಗೆಗೆ ಹೊಲಿದ ಪಟ್ಟಿಯನ್ನು ಅವಳು ಓದುತ್ತಿರಲಿಲ್ಲ. "ಪಟ್ಟಿ ಸುಳ್ಳು ಹೇಳುತ್ತೆ, ಬಟ್ಟೆ ಹೇಳಲ್ಲ" ಅನ್ನುತ್ತಿದ್ದಳು. ಮೇಸ್ತ್ರಿ ಕೆಲಸ ಕಲಿತದ್ದೂ ಅವಳ ಪಕ್ಕದಲ್ಲಿ ನಿಂತೇ.

ಇನ್ನೊಬ್ಬಳು ಮೂರು ತಿಂಗಳ ಹಿಂದೆ ಸೇರಿದವಳು. ಕೂತ ಗಳಿಗೆಯಿಂದ ಏಳುವ ಗಳಿಗೆಯವರೆಗೆ ಬಾಯಿ ಮುಚ್ಚದವಳಾದ್ದರಿಂದ ಅವಳಿಗೆ ಮೊದಲ ವಾರವೇ ಮಾತಿನಮಲ್ಲಿ ಎಂದು ಹೆಸರು ಬಿದ್ದಿತ್ತು.

ಎಲ್ಲರೂ ನೋಡಿದ್ದು ಮಾತಿನಮಲ್ಲಿಯನ್ನೇ.

"ನನಗೆ ಗೊತ್ತಾಗಲಿಲ್ಲ ಮೇಸ್ತ್ರಿ" ಎಂದಳು ಅವಳು. ಅಷ್ಟು ಚಿಕ್ಕ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

"ಬಾಯಿ ಇಷ್ಟುದ್ದ ಬಿಟ್ಕೊಂಡಿದ್ರೆ ಕೈಗೆ ಹೇಗೆ ಗೊತ್ತಾಗಬೇಕು? ನಾಳೆಯಿಂದ ಬರಬೇಡಮ್ಮ ನೀನು."

ಉಣ್ಣೆ ಅಕ್ಕ ಕಂದು ಸ್ವೆಟರನ್ನೇ ನೋಡುತ್ತಿದ್ದಳು. ಅದರ ಕುತ್ತಿಗೆಯ ಪಟ್ಟಿ ಕಿತ್ತುಹೋಗಿತ್ತು. ಆ ಬಟ್ಟೆ ಅವಳಿಗೆ ನೆನಪಿತ್ತು. ಮೊಣಕೈಗೆ ಹಾಕಿದ್ದ ಹಸಿರು ತೇಪೆಯನ್ನು ನೋಡಿ, ಯಾರೋ ಅಕ್ಕರೆಯಿಂದ ಹೊಲಿದಿದ್ದಾರೆ ಅಂದುಕೊಂಡು, ತಾನೇ ಕೈಯಾರೆ ಮೂಟೆಗೆ ಹಾಕಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ಮೇಸ್ತ್ರಿ ಕಚೇರಿಯ ಕಡೆ ಹೊರಟುಬಿಟ್ಟ, ಗುಂಪು ಚದುರಿತು.

ಮಾತಿನಮಲ್ಲಿ ಚೀಲ ತೆಗೆದುಕೊಂಡು ಮೇಜಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಇಲ್ಲದ ಕೆಟ್ಟ ಹೆಸರು ನನ್ನಿಂದ ಬಂತು ನಿಮಗೆ" ಎಂದಳು. ಅಕ್ಕನ ಎರಡೂ ಕೈಗಳನ್ನು ಹಿಡಿದು ಒತ್ತಿದಳು. ಹಿಡಿದದ್ದು ಅಕ್ಕನ ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ.

ಅಕ್ಕನ ಮನೆ ಬೀಗದಂಗಡಿಯ ಮೇಲಿನ ಒಂದು ಕೋಣೆ. ಅಮ್ಮ ಹೋದ ಮೇಲೆ ಒಂಬತ್ತು ವರ್ಷದಿಂದ ಒಬ್ಬಳೇ. ಭಾನುವಾರಗಳಲ್ಲಿ ಸಂಜೆ ಅಂಗಡಿಗೆ ಹೋಗಿ "ಒಂದು ಬ್ರೆಡ್ಡು" ಅನ್ನುವಾಗ, ಅದೇ ಆ ದಿನದ ಮೊದಲ ಮಾತು ಎಂದು ಹೊಳೆದು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಈ ಮೂರು ತಿಂಗಳು ಹಾಗಿರಲಿಲ್ಲ. ಮಾತಿನಮಲ್ಲಿಯ ಗಂಡನ ಗೊರಕೆ, ಮಗಳ ಬಿದ್ದ ಹಲ್ಲು, ಮೈದುನನ ಹೆಂಡತಿ ಉಪ್ಪಿನ ಬದಲು ಸಕ್ಕರೆ ಹಾಕಿ ಎಬ್ಬಿಸಿದ ಜಗಳ, ಎಲ್ಲ ತಲೆಯಲ್ಲಿ ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಒಬ್ಬಳೇ ನಗುತ್ತಿದ್ದದ್ದೂ ಉಂಟು.

ಅಂದು ಸಂಜೆ ಅವಳು ದೀಪ ಹಾಕಿ, ಕಪಾಟಿನಲ್ಲಿದ್ದ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದಳು. ಕಣ್ಣು ಮುಚ್ಚಿ ಒಂದನ್ನು ಎತ್ತಿ ತೀಡಿದಳು. ಹತ್ತಿ ಅಂದುಕೊಂಡಳು. ಕಣ್ಣು ಬಿಟ್ಟರೆ ರೇಯಾನ್ ಲಂಗ. ಮತ್ತೊಂದು ಎತ್ತಿದಳು. ಏನೂ ಅನ್ನಿಸಲೇ ಇಲ್ಲ. ದಪ್ಪ ಕೈಗವಸು ಹಾಕಿಕೊಂಡು ಮುಟ್ಟಿದ ಹಾಗಿತ್ತು. ಅದು ಅಮ್ಮನ ಶಾಲು, ಅಪ್ಪಟ ಉಣ್ಣೆ.

ಇದು ಇವತ್ತಿನದಲ್ಲ. ಕಳೆದ ಚಳಿಗಾಲದಲ್ಲಿ ಬೆರಳ ತುದಿ ಜೋಮು ಹಿಡಿದದ್ದು ಬಿಡಲೇ ಇಲ್ಲ. ಒಮ್ಮೆ ಕಾದ ಹಾಲಿನ ಪಾತ್ರೆ ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಆಮೇಲೆ ಕಣ್ಣಲ್ಲಿ ನೋಡಿ ತಿಳಿದುಕೊಂಡಿದ್ದಳು. ಡಾಕ್ಟರು ನರದ ತೊಂದರೆ ಅಂದಿದ್ದರು, ಸ್ಪರ್ಶ ಹಿಂದಕ್ಕೆ ಬರುವುದು ಕಷ್ಟ ಅಂದಿದ್ದರು. ಅವಳು ಚೀಟಿ ಮಡಚಿಟ್ಟು, ಮರುದಿನ ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದಳು. ಅಂದಾಜಿನ ಮೇಲೆ, ಬಣ್ಣದ ಮೇಲೆ, ಜುಂಗು ಎದ್ದ ರೀತಿಯ ಮೇಲೆ ದಿನ ದೂಡಿದ್ದಳು. ಶಾಲನ್ನು ಕೆನ್ನೆಗೆ ಒತ್ತಿಕೊಂಡಳು. ಕೆನ್ನೆಗೆ ಚುಚ್ಚಿತು, ಬೆಚ್ಚಗಾಯಿತು. ಕೆನ್ನೆಗೆ ಇನ್ನೂ ಬುದ್ಧಿ ಇತ್ತು. ಆದರೆ ದಿನಕ್ಕೆ ಎಂಟುನೂರು ಬಟ್ಟೆಯನ್ನು, ಊರವರ ಬೆವರು ಕುಡಿದ ಬಟ್ಟೆಯನ್ನು, ಕೆನ್ನೆಗೆ ಒತ್ತಿಕೊಂಡು ಕೂರಲಾಗುತ್ತದೆಯೇ?

ಮರುದಿನ ಗಂಟೆ ಹೊಡೆಯುವ ಮೊದಲೇ ಅವಳು ಮೇಸ್ತ್ರಿಯ ಮುಂದೆ ನಿಂತಳು. "ನಾನು ಕಣ್ಣು ಮುಚ್ಕೋತೀನಿ. ಹತ್ತು ಬಟ್ಟೆ ಕೊಡು."

"ಏನಕ್ಕಾ ಬೆಳಗ್ಗೆ ಬೆಳಗ್ಗೆ ಆಟ?"

"ಕೊಡಪ್ಪ."

ಅವನು ನಗುತ್ತಲೇ ಕೊಡತೊಡಗಿದ. ನಾಲ್ಕನೆಯದಕ್ಕೆ ನಗು ನಿಂತಿತು. ಹತ್ತರಲ್ಲಿ ಐದು ತಪ್ಪಾಗಿದ್ದವು. ಕೊನೆಯದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅವನು ಬಾಗಿಲ ಕಡೆ ನೋಡಿದ, ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ.

"ಇದನ್ನ ಯಾಕೆ ಹೇಳಿದ್ರಿ ಅಕ್ಕ? ರಿಟೈರಾಗೋಕೆ ಇನ್ನೆರಡೇ ವರ್ಷ, ಹೇಗೋ ಕಳೀತಿತ್ತು. ನಾನೇನು ನಿಮ್ಮ ಕೈ ಪರೀಕ್ಷೆ ಮಾಡೋಕೆ ಬರ್ತಿದ್ನಾ?"

"ಹನ್ನೊಂದೂ ನಾನೇ ಹಾಕಿದ್ದು. ಆ ಹುಡುಗಿ ವಿಳಾಸ ಕೊಡು."

ಮೂರು ತಿಂಗಳಲ್ಲಿ ಆ ಮನೆಯ ಗೊರಕೆಯಿಂದ ಹಿಡಿದು ಜಗಳದವರೆಗೆ ಎಲ್ಲ ತಿಳಿದಿತ್ತು. ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿರಲಿಲ್ಲ. ಹಾಜರಿ ಪುಸ್ತಕ ನೋಡಿ ಮೇಸ್ತ್ರಿ ಬರೆದುಕೊಟ್ಟ. ಎರಡು ಬಸ್ಸು ಬದಲಿಸಿ ಹೋಗಿ, ಮೂರನೇ ಮಹಡಿಯಲ್ಲಿ ಬಾಗಿಲು ತಟ್ಟಿದಾಗ ಮಾತಿನಮಲ್ಲಿ ಅರ್ಧ ತೆರೆದಳು. "ಅಯ್ಯೋ, ಅಕ್ಕ!" ಎಂದು ಪೂರ್ತಿ ತೆರೆದಳು. ಒಳಗೆ ಹಗ್ಗದ ಮೇಲೆ ಪುಟ್ಟ ಫ್ರಾಕು ಒಣಗುತ್ತಿತ್ತು. ಅಕ್ಕ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದಳು. ಹೇಳುತ್ತ ಹೋದಂತೆ ಎದುರಿನ ಮುಖದ ಬಣ್ಣ ಬದಲಾಯಿತು.

"ನಿನ್ನೆ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನಿಮ್ಮ ಕೈ ಹಿಡ್ಕೊಂಡು ಅತ್ತಾಗಲೂ?"

"ಹೂಂ. ಹೆದರಿಕೆ ಆಯ್ತಮ್ಮ."

ಅವಳು ಬಾಗಿಲ ಚಿಲಕವನ್ನು ಹಿಂದೆ ಮುಂದೆ ಆಡಿಸಿದಳು. "ಇಡೀ ರಾತ್ರಿ ನನ್ನ ಕೈಗೆ ನಾನೇ ಬೈತಾ ಇದ್ದೆ ಅಕ್ಕ. ಇವರು, ಬಿಡೇ, ಇನ್ನೊಂದು ಕೆಲಸ ಸಿಗುತ್ತೆ ಅಂದ್ರು. ಕೆಲಸದ ಮಾತಲ್ಲ, ಅಕ್ಕ ಅಷ್ಟು ಹೇಳಿಕೊಟ್ಟರೂ ನನ್ನ ಕೈ ಕಲೀಲಿಲ್ವಲ್ಲ ಅಂದೆ."

"ನಿನ್ನ ಕೈ ಒಳ್ಳೇ ಕೈ. ಸೋಮವಾರದಿಂದ ಬಾ. ಮೇಸ್ತ್ರಿನೇ ಹೇಳಿದಾನೆ."

"ಬರ್ತೀನಿ" ಎಂದಳು. ಚಹಾ ಕುಡಿದು ಹೋಗಿ ಅನ್ನಲಿಲ್ಲ. ಅಕ್ಕ ಮೆಟ್ಟಿಲಿಳಿಯುವಾಗ ಮೇಲೆ ಬಾಗಿಲು ಹಾಕಿದ ಸದ್ದು ಜೋರಾಗೇನೂ ಇರಲಿಲ್ಲ.

ಸೋಮವಾರ ಮಾತಿನಮಲ್ಲಿ ಬಂದಳು. ಕಿಟಕಿಯ ಪಕ್ಕದ ಸ್ಟೂಲು ಈಗ ಅವಳದು. ಅವಳ ಹಳೆಯ ಸ್ಟೂಲಿಗೆ ಹತ್ತಿಯ ಮೇಜಿನಿಂದ ಒಬ್ಬಳು ಬಂದು ಕೂತಳು. ಅಕ್ಕನಿಗೆ ಶೆಡ್ಡಿನ ಇನ್ನೊಂದು ತುದಿಯಲ್ಲಿ ಗುಂಡಿ ಕತ್ತರಿಸುವ ಕೆಲಸ ಕೊಟ್ಟರು. ಚಿಂದಿ ಮಾಡುವ ಯಂತ್ರದ ಹಲ್ಲಿಗೆ ಗುಂಡಿ, ಜಿಪ್ಪು ಸಿಗಬಾರದು. ಕಣ್ಣು ನೆಟ್ಟಗಿದ್ದರೆ ಸಾಕು, ಬೆರಳಿಗೆ ಏನೂ ತಿಳಿಯಬೇಕಾಗಿಲ್ಲ. ಬೆಳಗ್ಗೆ ಎದುರಾದಾಗ ಮಾತಿನಮಲ್ಲಿ "ಊಟ ತಂದ್ರಾ ಅಕ್ಕ?" ಎಂದು ಕೇಳುತ್ತಿದ್ದಳು. "ತಂದೆ" ಅನ್ನುವಷ್ಟರಲ್ಲಿ ದಾಟಿ ಹೋಗುತ್ತಿದ್ದಳು.

ಒಂದು ವಾರ ಮೂರನೇ ಮೇಜು ಸದ್ದಿಲ್ಲದೆ ಇತ್ತು. ಮುಂದಿನ ವಾರ ಅಲ್ಲಿ ಮತ್ತೆ ಕತೆ ಶುರುವಾಯಿತು. ನಗು ಶೆಡ್ಡಿನ ಈ ತುದಿಯವರೆಗೂ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅಕ್ಕ ಕತ್ತರಿ ನಿಲ್ಲಿಸಿ ಕಿವಿಗೊಟ್ಟಳು. ಗೊರಕೆಯದೋ, ಹಲ್ಲಿನದೋ, ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊಸ ಗುಡ್ಡೆ ತಂದು ಸುರಿದು ಹೋದರು.

ಮೇಲಿದ್ದದ್ದು ಬೂದು ಬಣ್ಣದ ಕಾರ್ಡಿಗನ್. ಯಾರೋ ಅದನ್ನು ಕೊಡುವ ಮುನ್ನ ಒಗೆದು, ಮಡಚಿ, ಕುತ್ತಿಗೆಯವರೆಗೆ ಎಲ್ಲ ಗುಂಡಿ ಹಾಕಿಟ್ಟಿದ್ದರು. ಕತ್ತರಿಸಲು ಅವನ್ನು ಬಿಚ್ಚಬೇಕಾಗಿರಲಿಲ್ಲ. ಅಕ್ಕ ಕತ್ತರಿ ಕೆಳಗಿಟ್ಟು, ಕಾರ್ಡಿಗನ್ನನ್ನು ತೊಡೆಯ ಮೇಲೆ ಹರವಿಕೊಂಡು, ತನ್ನ ಬೆರಳುಗಳನ್ನು ಕಣ್ಣಿಂದ ನೋಡುತ್ತ, ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚತೊಡಗಿದಳು.