ರಾಗಿ ಬಗ್ಗು, ಅವರೆ ಹೊಡಿ

ಏಳನೆಯ ಹೆಜ್ಜೆಗೆ ಕೋಲು ಬರುತ್ತದೆ. ಹಣೆಯ ಎತ್ತರಕ್ಕೆ, ಎಡಗಡೆಯಿಂದ. ಅಷ್ಟರೊಳಗೆ ಬಗ್ಗಿರಬೇಕು. ಕಲ್ಯ ಊರಿನ ಕೋಲಾಟದ ಮೇಳದಲ್ಲಿ ಇದು ಎಲ್ಲರಿಗೂ ಗೊತ್ತು. ಲತಾಮಣಿಯ ಎಡಹುಬ್ಬಿನ ಮೇಲಂತೂ ಇದಕ್ಕೆ ಮೂರು ಹೊಲಿಗೆಯ ಸಾಕ್ಷಿಯಿತ್ತು.

ಆ ಪೆಟ್ಟು ಬಿದ್ದದ್ದು ತಿಪ್ಪಸಂದ್ರದಲ್ಲಿ, ಹಾಡಹಗಲಲ್ಲಿ. ಮೇಳದ ಕಟ್ಟಳೆಯಂತೆ ಆಟಕ್ಕೆ ಎರಡು ಸಾಲು: ಬಗ್ಗುವವರು ಗಂಡು, ಹೊಡೆಯುವವರು ಹೆಣ್ಣು. ಬರೀ ಗಂಡಸರು ಆಡುತ್ತಿದ್ದ ಕಾಲದಲ್ಲಿ ಅವು ಹೆಸರುಗಳಷ್ಟೆ. ಈಗ ಹದಿನಾರು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು. ಎತ್ತರ ನೋಡಿ ನಿಲ್ಲಿಸುವ ಪದ್ಧತಿಯಾದ್ದರಿಂದ ಗಿಡ್ಡಗಿನ ಲತಾಮಣಿ ಗಂಡು ಸಾಲಿಗೂ ಅವಳೆದುರಿನ ಉದ್ದನೆಯ ಸ್ವಾಮಿ ಹೆಣ್ಣು ಸಾಲಿಗೂ ಬಿದ್ದಿದ್ದರು. ತಾಳ ಹಿಡಿದು ಕೂಗು ಹಾಕುವವನು ಅವಳ ತಾತ ಕರಿಯಪ್ಪ; ಆ ಕೂಗು ಬಿದ್ದ ಮೇಲೆಯೇ ಬಗ್ಗುವುದು, ಹೊಡೆಯುವುದು. ಆ ದಿನ ಅವನು "ಗಂಡು ಬಗ್ಗು, ಹೆಣ್ಣು ಹೊಡಿ" ಎಂದು ಕೂಗಿದಾಗ, ಗಂಡು ಎಂದರೆ ತಾನೇ ಎಂದು ಅವಳಿಗೆ ಹೊಳೆಯುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಹಿಡಿಯಿತು. ಕೋಲಿಗೆ ಅಷ್ಟು ಸಾಕಾಯಿತು.

"ಒಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು" ಎಂದಿದ್ದರು ಡಾಕ್ಟರು.

ಅಂದಿನಿಂದ ಅವಳು, ಆ ಕಣ್ಣಿಲ್ಲದಿದ್ದರೆ ಹೇಗಿರುತ್ತಿತ್ತೆಂದು, ಆಗಾಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡುತ್ತಿದ್ದಳು. ಬಿ.ಎಸ್ಸಿ.ಯ ಮೂರು ವರ್ಷ ಸೂಕ್ಷ್ಮದರ್ಶಕಕ್ಕೆ ಒಡ್ಡಿದ ಕಣ್ಣು ಅದು. ಮೇಳ ಬಿಡುವಂತೆಯೂ ಇರಲಿಲ್ಲ. ಒಂದು ಜೋಡಿ ಮುರಿದರೆ ಸುತ್ತು ಕೂಡುವುದಿಲ್ಲ. ಹೆದರಿಕೆಗೆ ಲೆಕ್ಕ ಸಿಕ್ಕರೆ ಕಡಿಮೆಯಾದೀತೆಂದು ಅಭ್ಯಾಸದಲ್ಲಾದ ತಪ್ಪುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಳು. ಕಡಿಮೆಯಾಗಲಿಲ್ಲ.

"ತಾತ, ಸಾಲಿನ ಹೆಸ್ರು ಬದ್ಲಾಯ್ಸೋಣ. ಹನ್ನೊಂದು ಸಲ ತಪ್ಪಾಗೈತೆ. ಅದ್ರಲ್ಲಿ ಹತ್ತು, ಗಂಡು ಸಾಲಲ್ಲಿರೋ ಹೆಂಗಸ್ರು, ಹೆಣ್ಣು ಸಾಲಲ್ಲಿರೋ ಗಂಡಸ್ರು ಮಾಡಿರೋದು."

"ನಮ್ ಗುರು ಇಟ್ಟ ಹೆಸ್ರು ಕಣವ್ವ. ಅರವತ್ತೊರ್ಸದಿಂದ ಈ ಬಾಯಿ ಅದ್ನೇ ಕೂಗ್ತಾ ಐತೆ."

ಪಕ್ಕದಲ್ಲಿ ಕೂತಿದ್ದ ಮೇಳದ ನಟರಾಜು ನಕ್ಕ. "ಬದ್ಲಾಯ್ಸು ಕರಿಯಪ್ಪಣ್ಣ, ನಮ್ ಸ್ವಾಮಿಗೂ ನಾಚ್ಕೆ. ಏನ್ಲಾ ಸ್ವಾಮಿ, ಹೆಣ್ ಸಾಲಲ್ ನಿಂತು ಒಸಿ ಬಳೆನಾದ್ರೂ ತೊಟ್ಕೊಬಾರ್ದಾ?"

"ಸುಮ್ಕಿರ್ಲಾ. ನಾಚ್ಕೆ ಅಲ್ಲ ಕಣ್ಲಾ, ಹೆದ್ರಿಕೆ" ಎಂದ ಸ್ವಾಮಿ. "ಅವ್ಳ ಹುಬ್ಬು ಒಡೆದ ಕೋಲು ನನ್ ಕೈಲಿತ್ತು."

ಲತಾಮಣಿ ಹೊಸ ಹೆಸರಿಗೆ 'ಒಳಗಿನವರು, ಹೊರಗಿನವರು' ಎಂದು ಬರೆದುಕೊಂಡು ಬಂದಿದ್ದಳು. ಆದರೆ ಪ್ರತಿ ಸುತ್ತಿಗೂ ಒಳಗಿನವರು ಹೊರಗಾಗುತ್ತಾರೆಂದು ತಾನೇ ಹೊಡೆದುಹಾಕಿದ್ದಳು. ಕರಿಯಪ್ಪ ಎದುರಿನ ಹೊಲದ ಕಡೆ ನೋಡಿದ. ರಾಗಿಯ ನಡುನಡುವೆ ಅವರೆಯ ಅಕ್ಕಡಿ ಸಾಲುಗಳಿದ್ದವು.

"ರಾಗಿ, ಅವರೆ ಅನ್ಲಾ? ತೆನೆ ಬಂದ್ರೆ ರಾಗಿ ತಾನೇ ಬಗ್ತದೆ."

ಮೂರು ವಾರ ಹಾಗೆಯೇ ಆಡಿದರು. ಲತಾಮಣಿ ರಾಗಿ, ಸ್ವಾಮಿ ಅವರೆ. ಆಡುವವರಲ್ಲಿ ಒಬ್ಬರೂ ತಪ್ಪಲಿಲ್ಲ. ಆದರೆ ಅವಳ ಭಯ ಹೋಗಲಿಲ್ಲ, ಜಾಗ ಬದಲಿಸಿತಷ್ಟೆ: ತನ್ನ ಕಿವಿಯಿಂದ ತಾತನ ನಾಲಿಗೆಗೆ. ಅರವತ್ತು ವರ್ಷದ ರೂಢಿಯೆದುರು ಇಪ್ಪತ್ತೊಂದು ದಿನ ಯಾವ ಮೂಲೆಗೆ? ಅಭ್ಯಾಸದಲ್ಲೇ ಮೂರು ಸಲ ಅವನು "ಗಂ..." ಎಂದು ಶುರುಮಾಡಿ ನುಂಗಿಕೊಂಡಿದ್ದ.

ರಾಮನಗರದ ಸಭಾಭವನದಲ್ಲಿ ಮಧ್ಯಾಹ್ನದ ಆಟ. ಕೊನೆಯ ಸುತ್ತಿನಲ್ಲಿ ತಾಳದ ವೇಗ ಎರಡರಷ್ಟಾಗುತ್ತದೆ. ಲತಾಮಣಿಯ ಅಂಗೈ ಬೆವರಿ ಕೋಲು ಜಾರುತ್ತಿತ್ತು. ಹುಬ್ಬಿನ ಗಾಯ ಚುರುಗುಟ್ಟುತ್ತಿತ್ತು. ಎದುರಿಗೆ ಸ್ವಾಮಿಯ ಮುಖ ಬಿಳಿಚಿತ್ತು. ಐದು. ಆರು. ಸ್ವಾಮಿಯ ಕೋಲು ಮೇಲೆದ್ದಿತು.

"ಗಂಡು ಬಗ್ಗು! ಹೆಣ್ಣು ಹೊಡಿ!"

ಬಗ್ಗಬೇಕೆಂದು ಬುದ್ಧಿಗೆ ಗೊತ್ತಿತ್ತು, ಮೈ ಬಗ್ಗಲಿಲ್ಲ. ಕಣ್ಣು ಮುಚ್ಚುವುದಕ್ಕೂ ಆಗಲಿಲ್ಲ.

ಕೋಲು ಬರಲಿಲ್ಲ.

ಹುಬ್ಬಿನಿಂದ ಒಂದು ಗೇಣು ದೂರದಲ್ಲಿ ಅದು ಗಾಳಿಯಲ್ಲೇ ನಿಂತಿತ್ತು. ಪಕ್ಕದ ಜೋಡಿ, ಅದರಾಚೆಯ ಜೋಡಿ, ಎಲ್ಲರೂ ಹಾಗೆಯೇ ಎತ್ತಿದ ಕೋಲಿನೊಡನೆ ನಿಂತಿದ್ದರು. ಹದಿನಾರು ಮಂದಿಯಲ್ಲಿ ಒಬ್ಬರೂ ಅಲುಗಲಿಲ್ಲ. ತಾಳ ನಿಂತಿತು. ಸಭೆಯಲ್ಲಿ ಯಾರೋ ಇದೂ ಆಟದ ಭಾಗವೆಂದುಕೊಂಡು ಶಿಳ್ಳೆ ಹಾಕಿದರು.

ಆಮೇಲೆ ಕರಿಯಪ್ಪನ ದನಿ, ಮೆಲ್ಲಗೆ: "ರಾಗಿ ಬಗ್ಗು... ಅವರೆ ಹೊಡಿ."

ಎಂಟು ತಲೆಗಳು ಬಗ್ಗಿದವು. ಕೋಲು ಬೀಸಿಹೋದ ಗಾಳಿ ಅವಳ ಬೈತಲೆಗೆ ತಾಕಿತು.

ಆಟ ಮುಗಿದ ಮೇಲೆ ಪರದೆಯ ಹಿಂದೆ ಕರಿಯಪ್ಪ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಎಡಗಣ್ಣನ್ನೇ ನೋಡುತ್ತ ನಿಂತ.

"ಹಳೇದ್ನೇ ಕೂಗ್ಬುಟ್ನಲ್ಲವ್ವಾ. ನೀನ್ಯಾಕ್ ಬಗ್ಲಿಲ್ಲ? ಅವ್ನ್ಯಾಕ್ ಹೊಡೀಲಿಲ್ಲ?"

"ಯಾರ್ನ ಕರ್ದೆ ಅಂತ ಮೈಗೆ ಗೊತ್ತಾಗ್ಲಿಲ್ಲ ತಾತ. ನಾವೀಗ ರಾಗಿ, ಅವರೆ ಅಲ್ವಾ?"

ಕರಿಯಪ್ಪ ಬೆರಳಿಗೆ ಸಿಕ್ಕಿಸಿದ್ದ ತಾಳಗಳನ್ನು ಒಮ್ಮೆ ಮೆಲ್ಲಗೆ ತಟ್ಟಿ, "ರಾಗಿ ಬಗ್ಗು" ಎಂದು ತನಗೇ ಹೇಳಿಕೊಂಡ.