ಬೀಗ ಹಾಕಿದ ಇಸ್ತ್ರಿ ಕೋಣೆ

“ಮುಂಡೇವಾ, ರಜೆ ಕೊಟ್ರೂ ಹೊಟ್ಟೆ ಉರಿಯುತ್ತಾ ನಿಮಗೆ? ನಡೀರಿ ಮನೆಗೆ. ಸಂಬಳ ಹಿಡಿಯಲ್ಲ ಅಂದ್ನಲ್ಲ.”

ಹೋಟೆಲಿನ ನೆಲಮಾಳಿಗೆಯಲ್ಲಿ ಒಗೆದ ಬೆಡ್‌ಶೀಟುಗಳ ರಾಶಿಗೆ ಒದೆಯುತ್ತ ಸೂಪರ್‌ವೈಸರ್ ಅರಚಿದ. ಒಗೆಯುವ ಹೆಂಗಸರು ಮುಖ ಮುಖ ನೋಡಿಕೊಂಡು, ಸೆರಗಿಗೆ ಕೈ ಒರೆಸಿ ಹೊರಟೇಬಿಟ್ಟರು. ಅವನೂ ಅವರ ಹಿಂದೆ ಹೋದ, ಗೇಟು ದಾಟಿಸಲು. ಇಸ್ತ್ರಿ ಕೋಣೆಯಲ್ಲಿ ಉಳಿದವರು ಇಬ್ಬರೇ: ಇಸ್ತ್ರಿ ಮಾಡುವ ಹುಡುಗಿ, ಅವಳ ಅತ್ತಿಗೆ.

“ನಮ್ಮಪ್ಪ ಸತ್ತಾಗ ಅರ್ಧ ದಿನ ಅಷ್ಟೇ ರಜೆ ಕೊಟ್ಟೋನು ಇವನು,” ಅತ್ತಿಗೆ ಪಿಸುಗುಟ್ಟಿದಳು. “ಇಡೀ ದಿನ ಕೊಡ್ತಾನೆ ಅಂದ್ರೆ ಇವತ್ತು ಸಾಯೋರು ನಾವೇ ಕಣೆ. ಹೋಟೆಲ್ ಕೈ ಬದಲಾಗ್ತಿದೆ. ಇವತ್ತು ಹೊಸ ಮಾಲೀಕರು ನೋಡೋಕೆ ಬರ್ತಾರೆ. ಅವರು ಬಂದಾಗ ಕೆಲಸದಲ್ಲಿ ಇದ್ದೋರನ್ನ ಮೂರು ತಿಂಗಳು ತೆಗೆಯಂಗಿಲ್ವಂತೆ, ಕಾನೂನು. ವ್ಯಾನ್ ಡ್ರೈವರ್ ಹೇಳ್ದ. ಅದಕ್ಕೇ ಈ ನಾಯಿ ಖಾಲಿ ಮಾಡಿಸ್ತಿರೋದು, ತನ್ನೋರನ್ನ ತುಂಬೋಕೆ.”

ಅವಳು ಮೇಜು ಬಿಟ್ಟು ಬಾಗಿಲ ಕಡೆ ತಿರುಗಿದಳು. “ಹೋಗೋಣ ಅತ್ತಿಗೆ. ಕಾಲು ಹಿಡಿದ್ರೆ ನಾಳೆ ಕರೀತಾನೇನೋ.”

“ಕಾಲು ಹಿಡಿಯೋಕಾದ್ರೂ ಗೇಟೊಳಗೆ ಬಿಡಬೇಕಲ್ಲ. ನಿಮ್ಮಣ್ಣ ಹಾಸಿಗೆ ಹಿಡಿದಿದ್ದಾನೆ. ಮನೇಲಿ ದುಡಿಯೋರು ಇನ್ಯಾರಿದ್ದಾರೆ?”

ಮೆಟ್ಟಿಲ ಮೇಲೆ ಬೂಟು ಸದ್ದಾಯಿತು. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ತೂಗುಹಾಕಿದ ಶೀಟುಗಳ ಹಿಂದೆ ನುಸುಳಿ ಮುದುಡಿಕೊಂಡಿದ್ದಳು. ಅತ್ತಿಗೆ ಮೇಜಿನ ಬಳಿ ಒಬ್ಬಳೇ ನಿಂತಳು.

“ಇನ್ನೂ ಇಲ್ಲೇ ಸಾಯ್ತಿದ್ದೀಯಾ ಬೋಳಿ?”

“ಕೆಲಸ ಮಾಡ್ತಿದ್ದೀನಿ.”

“ನಿನ್ನ ಗಂಡ ಕಟ್ಟಿಸಿದ ಮನೆನಾ ಇದು?” ಅವನು ರಟ್ಟೆ ಹಿಡಿದು ಎಳೆದ. “ಎಲ್ಲಿ ನಿನ್ನ ನಾದಿನಿ?”

“ಆಗಲೇ ಓಡಿಹೋದ್ಲು. ಪುಕ್ಕಲಿ ಅವಳು.”

ಶೀಟುಗಳ ಹಿಂದೆ ಅವಳು ಒಂದರ ಅಂಚನ್ನು ಕಚ್ಚಿ ಹಿಡಿದಳು. ಬಾಗಿಲು ಬಡಿಯಿತು, ಹೊರಗಿನಿಂದ ಬೀಗ ಬಿತ್ತು. ಅತ್ತಿಗೆಯ ಬೈಗುಳ ಮೆಟ್ಟಿಲು ಹತ್ತಿ ಸಣ್ಣದಾಗುತ್ತ, ಸಣ್ಣದಾಗುತ್ತ ನಿಂತೇಹೋಯಿತು. ಹೊಡೆದನೋ, ಹೊರಗೆ ದಬ್ಬಿದನೋ. ಅವಳು ಕದಲಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನಾಲ್ಕಾರು ಜೊತೆ ಶೂಗಳು ಇಳಿದು ಬಂದವು.

“ಈ ರೂಮು?” ಹೆಣ್ಣು ದನಿ.

“ಇಸ್ತ್ರಿದು ಮೇಡಂ,” ಸೂಪರ್‌ವೈಸರ್ ಮೆತ್ತಗೆ ಅಂದ. “ ಯಾರೂ ಇಲ್ಲ. ಹೇಳದೆ ಕೇಳದೆ ಬಿಟ್ಟು ಹೋದ್ರು. ಈ ಜನಾನೇ ಇಷ್ಟು.”

ಇದ್ದೀನಿ ಅನ್ನಬೇಕು. ಅವಳು ಬಾಯಿ ತೆರೆದಳು. ಬರೀ ಉಸಿರು ಬಂತು. ಶೂಗಳು ಮುಂದಕ್ಕೆ ಸರಿಯತೊಡಗಿದವು. ಅವಳು ಗೋಡೆ ಹಿಡಿದು ಎದ್ದು, ಕೈಗೆ ಸಿಕ್ಕ ಶೀಟನ್ನು ಹಬೆಯ ಇಸ್ತ್ರಿ ಯಂತ್ರದ ಮೇಲೆ ಹರವಿ, ಕಾಲನ್ನು ಪೆಡಲಿನ ಮೇಲೆ ಊರಿದಳು. ಬುಸ್ಸೆಂದು ಎದ್ದ ಹಬೆ ಬಾಗಿಲ ಸಂದಿಯಿಂದ ಹೊರಗೆ ನುಗ್ಗಿತು.

“ಯಾರೂ ಇಲ್ಲ ಅಂದ್ರಲ್ಲ?”

“ಪೈಪ್ ಸೋರ್ತಿರಬೇಕು ಮೇಡಂ. ಹಳೇದು.”

ಅವಳು ಮತ್ತೆ ಒತ್ತಿದಳು. ಶೀಟು ಮಗುಚಿ ಹಾಕಿ ಮತ್ತೆ ಒತ್ತಿದಳು.

“ಬೀಗ ತೆಗೀರಿ.”

ಕೀಲಿಗೊಂಚಲು ತಡಕಾಡುವ ಸದ್ದು. ತೊಡೆಗುಂಟ ಬಿಸಿಯಾಗಿ ಇಳಿಯುತ್ತಿರುವುದು ಬೆವರಲ್ಲ, ಉಚ್ಚೆಯೆಂದು ಅವಳಿಗೆ ಗೊತ್ತಾಯಿತು. ಪೆಡಲಿನಿಂದ ಕಾಲು ತೆಗೆಯಲಿಲ್ಲ.