ರಸಮಟ್ಟನ ಮೊಣಕಾಲು

ಟೈಲ್ಸ್ ಹಾಕುವ ಆ ಮೇಸ್ತ್ರಿಯನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು. ನೆಲದ ಏರುತಗ್ಗು ನೋಡುವ ಆ ಹೆಸರಿನ ಉಪಕರಣವನ್ನು ಅವನು ಚೀಲದಿಂದ ಹೊರಗೆ ತೆಗೆಯುತ್ತಿದ್ದುದೇ ಅಪರೂಪ. ನೆಲಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿದರೆ ಸಾಕಿತ್ತು. ಆದರೆ ವರ್ಷಗಟ್ಟಲೆ ಮಂಡಿಯೂರಿ, ಕುಕ್ಕರಗಾಲಲ್ಲಿ ಕೂತು ಕಂಡವರ ಮನೆಯ ನೆಲ ನೆಟ್ಟಗೆ ಮಾಡಿದವನ ಬಲ ಮೊಣಕಾಲು ಹಾಳಾಗಿ ಹೋಯಿತು. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಇರುವ ಮೆತ್ತೆ, ಡಾಕ್ಟರು ಮೆನಿಸ್ಕಸ್ ಅನ್ನುವುದು, ಹರಿದು ಚಿಂದಿಯಾಗಿತ್ತು. ಹಿಂದೊಮ್ಮೆ ಅದನ್ನು ಕತ್ತರಿಸಿ ತೆಗೆದರು. ನೋವು ಜಗ್ಗಲಿಲ್ಲ. ಕೊನೆಗೆ ಯಾರೋ ತೀರಿಹೋದವರ ಮೆತ್ತೆಯನ್ನು ತಂದು ಇವನ ಮೊಣಕಾಲಿಗೆ ಕೂರಿಸಿದರು.

"ಭಾವ, ಆ ಪುಣ್ಯಾತ್ಮ ಓಟಗಾರ ಆಗಿದ್ರೆ ಕಷ್ಟ. ನೀವು ಓಡಿಹೋಗ್ಬಿಟ್ರೆ ನಮ್ಮಕ್ಕನ ಗತಿ ಏನು?" ಎಂದು ಆಸ್ಪತ್ರೆಯ ಮಂಚದ ಪಕ್ಕ ನಿಂತು ಭಾಮೈದ ನಗಿಸಿದ್ದ. ಅವನೇ ಇವನ ಕೆಲಸದ ಜೊತೆಗಾರ. ಒಬ್ಬ ಗಾರೆ ಹರಡಿದರೆ ಇನ್ನೊಬ್ಬ ಟೈಲ್ ಕೂರಿಸಬೇಕು. ಇಬ್ಬರೂ ಜೊತೆಯಾಗಿಯೇ ಆ ಕೆಲಸ ಕಲಿತವರು.

ಮತ್ತೆ ನೆಲದ ಕೆಲಸಕ್ಕೆ ಇಳಿಯಬಹುದೇ ಎಂದು ರಸಮಟ್ಟ ಡಾಕ್ಟರನ್ನು ಕೇಳಿದ್ದ. "ನೋವು ಕಮ್ಮಿ ಆಗುತ್ತೆ, ಚೆನ್ನಾಗಿ ನಡೀತೀರಿ. ನೆಲದ ಕೆಲಸ... ನೋಡೋಣ," ಎಂದಿದ್ದರು. ಡಾಕ್ಟರು ನೋಡೋಣ ಅಂದರೆ ಹೆಚ್ಚಾಗಿ ಆಗುವುದಿಲ್ಲ ಎಂದೇ ಅರ್ಥ. ಇವನು ಮಾತ್ರ ಅದನ್ನು ಆಗುತ್ತದೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆ ಆಸೆಯಲ್ಲೇ ಊರುಗೋಲು, ಕಾಲಿಗೆ ಕಟ್ಟಿದ ಪಟ್ಟಿ, ವ್ಯಾಯಾಮ ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದ. ವ್ಯಾಯಾಮ ಮಾಡಿಸುವ ಹುಡುಗಿ ಮೊಣಕಾಲನ್ನು ಇಷ್ಟಿಷ್ಟೇ ಮಡಿಸಿ, "ಇಷ್ಟಕ್ಕೇ ಸಾಕು. ಆರು ತಿಂಗಳು ಕುಕ್ಕರಗಾಲು ಅಂತ ಕನಸಲ್ಲೂ ಕೂರಬೇಡಿ," ಎಂದು ಪ್ರತಿಸಲವೂ ಎಚ್ಚರಿಸುತ್ತಿದ್ದಳು.

ನಾಲ್ಕನೇ ತಿಂಗಳಿಗೆ ಊರುಗೋಲಿಲ್ಲದೆ ಅಂಗಡಿಯವರೆಗೆ ಹೋಗಿಬಂದ. ಹೆಂಡತಿಯ ಮುಖ ಅರಳಿತು. ಅದೇ ವಾರ ಭಾಮೈದ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಭಾವ, ದೊಡ್ಡ ಶಾಲೆ ಕೆಲಸ ಬಂದಿದೆ. ಬೇರೆಯವರನ್ನ ಜೊತೆಗೆ ಹಾಕ್ಕೋ ಅಂತ ಕಂಟ್ರಾಕ್ಟರ್ ಬಡ್ಕೋತಿದಾನೆ. ನಾನೇ ತಡೆದಿದೀನಿ. ಮುಂದಿನ ತಿಂಗಳಿಗೆ ಆಗುತ್ತಾ?"

"ಆಗುತ್ತೆ ಬಿಡೋ," ಎಂದ ರಸಮಟ್ಟ.

ಅಂದುಬಿಟ್ಟ ಮೇಲೆ ನೋಡಬೇಕಲ್ಲ. ಟೈಲ್ ಹಾಕಿದ ಮಾರನೇ ದಿನ ಅವನು ಪ್ರತಿ ಟೈಲಿನ ಮೂಲೆಯ ಮೇಲೆ ಮೈಭಾರವೆಲ್ಲ ಬಿಟ್ಟು ನಿಲ್ಲುತ್ತಿದ್ದ. ಅಲುಗದಿದ್ದರೆ ಕೂತಿದೆ, ಅಲುಗಿದರೆ ಕಿತ್ತು ಮತ್ತೆ ಹಾಕಬೇಕು. ಅವನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಭಾಮೈದ ಬಂದುಹೋದ ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಗೋಡೆ ಹಿಡಿದು ಮೆಲ್ಲನೆ ಕುಕ್ಕರಗಾಲಲ್ಲಿ ಕೂತ. ನೋವಿಲ್ಲ. ಖುಷಿಗೆ ಕಣ್ಣು ತುಂಬಿತು. ಗೋಡೆ ಬಿಟ್ಟು ಭಾರವನ್ನೆಲ್ಲ ಬಲಗಾಲಿನ ಒಳಬದಿಗೆ, ಹೊಸ ಮೆತ್ತೆ ಇದ್ದ ಕಡೆಗೆ, ಒತ್ತಿದ. ಪೆದ್ದ, ಅಷ್ಟಕ್ಕೇ ಎದ್ದು ಬರಬಾರದಿತ್ತೇ! ಒಳಗೆ ಟಕ್ ಎಂದಿತು. ಆಮೇಲೆ ಅವನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

"ಜಾರಿಬಿದ್ದೆ," ಎಂದ, ಹೇಗೋ ಚಿಲಕ ತೆಗೆದು, ಓಡಿಬಂದ ಹೆಂಡತಿಗೆ. ಡಾಕ್ಟರ ಮುಂದೆಯೂ ಅದನ್ನೇ ಹೇಳಿದ. ಅವರು ಇನ್ನೇನೋ ಕೇಳುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿದಳು: "ನನ್ನದೇ ತಪ್ಪು ಡಾಕ್ಟ್ರೇ, ಸೋಪಿನ ನೀರು ಹಾಗೇ ಬಿಟ್ಟಿದ್ದೆ."

ಡಾಕ್ಟರು ಸ್ಕ್ಯಾನ್ ನೋಡಿ ನಿಟ್ಟುಸಿರು ಬಿಟ್ಟರು. ಕೂರಿಸಿದ ಮೆತ್ತೆ ಬುಡದಿಂದಲೇ ಕಿತ್ತುಬಂದಿತ್ತು. "ಹರಿದಿದ್ದನ್ನ ತೆಗೆಯೋಣ. ಇನ್ನೊಂದು ಹಾಕೋ ಸ್ಥಿತೀಲಿ ಈ ಕಾಲು ಇಲ್ಲ. ನಡೀಬಹುದು. ನೆಲದ ಕೆಲಸ ಮರೆತುಬಿಡಿ," ಎಂದರು.

ಭಾಮೈದ ಕೆಂಡಾಮಂಡಲನಾದ. "ಅಕ್ಕ, ಒಂದು ಬಕೆಟ್ ನೀರು ಸುರಿಯೋಕ್ಕೆ ನಿನಗೆ ಕೈ ಬರಲಿಲ್ವಾ? ಭಾವನ ಬಾಳೇ ಹಾಳು ಮಾಡಿದೆಯಲ್ಲೇ!" ಎಂದು ಕೂಗಾಡಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಥೂ ನನ್ನ ಜನ್ಮಕ್ಕಿಷ್ಟು ಎಂದು ರಸಮಟ್ಟ ತನಗೆ ತಾನೇ ಉಗಿದುಕೊಂಡ, ಅದೂ ಮನಸ್ಸಿನಲ್ಲೇ.

ಅಂದಿನಿಂದ ಅವಳು ದಿನವೂ ಅವನ ಸ್ನಾನಕ್ಕೆ ಮುಂಚೆ ಬಚ್ಚಲಿನ ನೆಲವನ್ನು ಒಣಬಟ್ಟೆಯಲ್ಲಿ ಒರೆಸತೊಡಗಿದಳು. ಅವನು ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಪ್ರತಿದಿನವೂ ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೆ ಭಾಮೈದನಿಗೆ ಗೊತ್ತಾದರೆ ಇನ್ನು ಈ ಮನೆ ಹೊಸ್ತಿಲು ತುಳಿಯಲಾರ ಎಂದು ಹೆದರಿ ಸುಮ್ಮನಾಗುತ್ತಿದ್ದ.

ಶಾಲೆಯ ಕೆಲಸಕ್ಕೆ ಭಾಮೈದ ಬೇರೊಬ್ಬನನ್ನು ಸೇರಿಸಿಕೊಂಡ ಸುದ್ದಿ ಬಂದ ದಿನ ಇವನಿಗೆ ತಡೆಯಲಾಗಲಿಲ್ಲ.

"ಒರೆಸಿದ್ದು ಸಾಕು ಕಣೇ. ನಾನು ಜಾರಿರ್ಲಿಲ್ಲ. ಕಾಲು ಕೂತಿದೆಯಾ ನೋಡೋಣ ಅಂತ ನಾನೇ..."

"ಗೊತ್ತು," ಎಂದಳು, ತಲೆ ಎತ್ತದೆ. "ಜಾರಿಬಿದ್ದವರ ಬಟ್ಟೆ ಒದ್ದೆ ಆಗಲ್ವಾ? ನಿಮ್ಮ ಮೈಮೇಲೆ ಒಂದು ಹನಿ ನೀರಿರಲಿಲ್ಲ."

"ಮತ್ತೆ ಅವನ ಹತ್ರ ಯಾಕೆ ಬೈಸ್ಕೊಂಡೆ?"

"ನನ್ನ ಬೈದ್ರೆ ಬೆಳಿಗ್ಗೆಗೆ ಮರೀತಾನೆ, ತಮ್ಮ ಅಲ್ವಾ. ನೀವೇ ಮಾಡ್ಕೊಂಡಿದ್ದು ಅಂತ ಗೊತ್ತಾದ್ರೆ ನಿಮ್ಮನ್ನ ಕೆಲಸಕ್ಕೆ ಕರೆಯೋ ಆಸೆ ಬಿಡ್ತಾನೆ ಅಂತ ಹೆದರಿದೆ." ಬಟ್ಟೆ ಹಿಡಿದ ಕೈ ನಿಂತಿತು. "ಡಾಕ್ಟ್ರು ಆಗಲ್ಲ ಅಂದ್ರೂ ಕಾಯ್ತಾನೆ ಅಂದ್ಕೊಂಡಿದ್ದೆ, ನೋಡಿ."

ರಸಮಟ್ಟ ಅವಳ ಪಕ್ಕ ಕೂತು ಆ ಬಟ್ಟೆಯನ್ನು ಕಿತ್ತುಕೊಳ್ಳಬೇಕೆಂದು ಬಾಗಿದ. ಮೊಣಕಾಲು ಅರ್ಧಕ್ಕೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದು, "ಕೊಡೇ ಇಲ್ಲಿ," ಎಂದು ಕೈ ಚಾಚಿದ. ಅವನ ಕೈ ಅವಳ ತಲೆಯವರೆಗೆ ಮಾತ್ರ ಹೋಯಿತು. ಅಲ್ಲಿಯೇ ಇಟ್ಟುಕೊಂಡು ಅತ್ತ.